ಮ್ಯಾಪ್ ಓದೋದು ಕಲಿಯೋದು ಹೇಗೆ: ಪುಣೆಯ ಗುಡ್ಡಗಳನ್ನೇ ಇಟ್ಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮನೆ ಬಾಲ್ಕನೀಲಿ ನಿಂತ್ರೆ ವೇತಾಳ ಟೇಕಡಿ ಅನ್ನೋ ಗುಡ್ಡ ಕಾಣತ್ತೆ. ಅಣ್ಣನ ಮಗಳು ಒಂಬತ್ತನೇ ಕ್ಲಾಸು, ಭೂಗೋಳದಲ್ಲಿ ಬೇರೆ ಎಲ್ಲಾ ಚೆನ್ನಾಗಿ ಬರೀತಾಳೆ, ಮ್ಯಾಪ್ ಬಂತು ಅಂದ್ರೆ ಮುಖ ಬಾಡತ್ತೆ. ಒಂದಿನ ನಮ್ಮ ಏರಿಯಾದ ಟೋಪೋಶೀಟ್ (ನೆಲದ ಏರುತಗ್ಗು ತೋರಿಸೋ ಮ್ಯಾಪ್) ಅವಳ ಮುಂದೆ ಹಾಸಿದೆ, ಸ್ವಲ್ಪ ಹೊತ್ತು ನೋಡಿ "ಕಾಕಾ, ಇದ್ರಾಗ ಗುಡ್ಡ ಎಲ್ಲೈತಿ? ಬರೇ ಕಂದು ಗೆರಿ ಅದಾವಲ್ಲ" ಅಂದ್ಲು. ಆ ಗುಡ್ಡ ಅವಳ ಬೆನ್ನ ಹಿಂದೆ ಕಿಟಕೀಲಿ ಕಾಣ್ತಾ ಇತ್ತು. ಆವತ್ತಿಂದ ನಾನು ಮಕ್ಕಳಿಗೆ ಹೇಳಿಕೊಡೋ ರೀತಿನೇ ಬದಲಾಯ್ತು. ಚಿಹ್ನೆಗಳ ಪಟ್ಟಿ ಬಾಯಿಪಾಠ ಮಾಡ್ಸೋದು ಬಿಟ್ಟೆ, ಮೊದ್ಲು ಕಣ್ಣಿಗೆ ಗೊತ್ತಿರೋ ಜಾಗದ ಮ್ಯಾಪ್ ಕೈಗೆ ಕೊಡ್ತೀನಿ, ಒಂದು ಕಣ್ಣು ಮ್ಯಾಪ್ ಮೇಲೆ ಇನ್ನೊಂದು ಗುಡ್ಡದ ಮೇಲೆ ಇರಬೇಕು ಅಷ್ಟೇ. ಗೊತ್ತಿರೋ ಊರನ್ನ ಕಾಗದದ ಮೇಲೆ ಗುರುತಿಸೋಕೆ ಬಂದ್ರೆ ಗೊತ್ತಿಲ್ಲದ ಊರೂ ಆಮೇಲೆ ಕಾಗದದಿಂದ ಎದ್ದು ನಿಲ್ಲತ್ತೆ.

ಪುಣೆ, ಮುಂಬೈ ಕಡೆ ಇರೋ ನಮ್ಮ ಕನ್ನಡದ ಮಕ್ಕಳು ಕೆಲವರು ಇಂಗ್ಲಿಷ್ ಮೀಡಿಯಂ, ಕೆಲವರು ಮರಾಠಿ, ಕೆಲವರು ಕನ್ನಡ ಮೀಡಿಯಂ (ಪುಣೆಯ ಬಾಲಭಾರತಿಯವರು ಕನ್ನಡದಲ್ಲೂ ಪಠ್ಯಪುಸ್ತಕ ಹಾಕ್ತಾರೆ). ಹಾಗಾಗಿ ಒಂದೇ ವಿಷಯಕ್ಕೆ, ಉದಾಹರಣೆಗೆ ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಆ ಕಂದು ಗೆರೆಗೆ, ಮೂರು ಹೆಸರು ಕಿವಿಗೆ ಬೀಳತ್ತೆ: ಶಾಲೆಯಲ್ಲಿ ಕಾಂಟೂರ್ ಅಥವಾ ಸಮೋಚ್ಚ ರೇಷಾ, ಮನೇಲಿ ಸಮೋನ್ನತ ರೇಖೆ. ಹೆಸರು ಯಾವ್ದಾದ್ರೂ ಇರಲಿ, ನಾನಿಲ್ಲಿ ಬಾಯಿಗೆ ಬರೋದನ್ನೇ ಬರೀತೀನಿ.

ಮೊದ್ಲು ನಿಮ್ಮ ಏರಿಯಾದ ಶೀಟ್ ತಗೊಳ್ಳಿ

ಟೋಪೋಶೀಟ್ ಅಂದ್ರೆ ಸರ್ವೇ ಆಫ್ ಇಂಡಿಯಾ ತಯಾರಿಸೋ ಸ್ಥಳಾಕೃತಿ ನಕ್ಷೆ. 1767ರಲ್ಲಿ ಶುರುವಾದ ಸಂಸ್ಥೆ, ಹೆಡ್ ಆಫೀಸ್ ಡೆಹ್ರಾಡೂನ್. ಅವರ ಆನ್‌ಲೈನ್ ಮ್ಯಾಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ್ರೆ 1:50,000 ಸ್ಕೇಲಿನ ಓಪನ್ ಸೀರೀಸ್ (ಅಂದ್ರೆ ಸಾರ್ವಜನಿಕರಿಗೆ ಅಂತ ಬಿಟ್ಟಿರೋ) ಶೀಟ್‌ಗಳ ಪಿಡಿಎಫ್ ಫ್ರೀಯಾಗಿ ಸಿಗತ್ತೆ. ಶಾಲೆ ಲ್ಯಾಬಲ್ಲಿ ಹಳೇ ಶೀಟ್ ಇದ್ರೆ ಇನ್ನೂ ಒಳ್ಳೇದು, ದೊಡ್ಡ ಕಾಗದದ ಮೇಲೆ ಬೆರಳಿಟ್ಟು ಓದೋದ್ರಲ್ಲಿ ಬರೋ ತಿಳಿವಳಿಕೆ ಮೊಬೈಲ್ ಸ್ಕ್ರೀನ್‌ನಲ್ಲಿ ಝೂಮ್ ಮಾಡ್ತಾ ಕೂತ್ರೆ ಬರಲ್ಲ.

ಶೀಟ್ ನಂಬರ್ ನೋಡಿ ಹೆದರ್ಬೇಡಿ, ಅದೂ ಒಂದು ವಿಳಾಸಾನೇ. ಹಳೇ ಪದ್ಧತೀಲಿ ಪುಣೆ 47 ಎಫ್/14. 47 ಅನ್ನೋದು ನಾಲ್ಕು ಡಿಗ್ರಿ ಅಗಲ ನಾಲ್ಕು ಡಿಗ್ರಿ ಉದ್ದದ ದೊಡ್ಡ ಚೌಕ (ಅಕ್ಷಾಂಶ 16ರಿಂದ 20, ರೇಖಾಂಶ 72ರಿಂದ 76). ಅದನ್ನ ಒಂದೊಂದು ಡಿಗ್ರಿಯ ಹದಿನಾರು ತುಂಡು ಮಾಡಿ ಎಯಿಂದ ಪಿವರೆಗೆ ಹೆಸರಿಟ್ಟಿದಾರೆ, ಆ ಒಂದು ತುಂಡನ್ನ ಮತ್ತೆ ಹದಿನಾರು ಮಾಡಿ 1ರಿಂದ 16 ನಂಬರ್ ಕೊಟ್ಟಿದಾರೆ, ಎರಡು ಸಲಾನೂ ಎಡಗಡೆ ಕಾಲಂನಿಂದ ಶುರು ಮಾಡಿ ಮೇಲಿಂದ ಕೆಳಗೆ ಎಣಿಸ್ಬೇಕು. ಕೊನೆಗೆ ಸಿಗೋ ಒಂದೊಂದು ಶೀಟೂ 15 ಮಿನಿಟ್ × 15 ಮಿನಿಟ್. ಹೊಸ ಓಪನ್ ಸೀರೀಸ್‌ನಲ್ಲಿ ಅದೇ ಶೀಟಿಗೆ ಇ43ಎಚ್14 ಅಂತ ನಂಬರ್. ಪುಣೆಯವರಿಗೆ ಒಂದು ತೊಂದರೆ ಏನಂದ್ರೆ 18°30′ ಅಕ್ಷಾಂಶ ಊರ ಮಧ್ಯಾನೇ ಹಾದು ಹೋಗತ್ತೆ, ವೇತಾಳ ಟೇಕಡಿ 14ನೇ ಶೀಟಲ್ಲಿ, ಸಿಂಹಗಡ 15ನೇ ಶೀಟಲ್ಲಿ, ಪರ್ವತಿ ಗುಡ್ಡ ಆ ಗೆರೆ ಹತ್ರಾನೇ. ಹಾಗಾಗಿ ಎರಡನ್ನೂ ಇಳಿಸ್ಕೊಳ್ಳಿ.

ಪ್ರಿಂಟ್ ತೆಗೆಯೋ ಮುಂಚೆ ಸ್ಕೇಲ್ ಅರ್ಥ ಮಾಡ್ಕೊಳ್ಳಿ

1:50,000 ಅಂದ್ರೆ ಮ್ಯಾಪ್ ಮೇಲಿನ 1 ಸೆಂ.ಮೀ. ನೆಲದ ಮೇಲೆ 50,000 ಸೆಂ.ಮೀ., ಅಂದ್ರೆ 500 ಮೀಟರ್. 2 ಸೆಂ.ಮೀ.ಗೆ ಒಂದು ಕಿಲೋಮೀಟರ್. ಇಷ್ಟು ಎಲ್ರಿಗೂ ಗೊತ್ತಿರತ್ತೆ, ಎಡವೋದು ಮುಂದೆ.

ಒಂದು ಸಲ ನಾನು ಆರು ಮಕ್ಕಳಿಗೆ ಅಂತ ಶೀಟನ್ನ ಝೆರಾಕ್ಸ್ ಅಂಗಡಿಗೆ ಕೊಟ್ಟೆ, ಅವರು ಎ4ಗೆ ಕುಗ್ಗಿಸಿ ಕೊಟ್ರು, ನಾನೂ ನೋಡ್ಲಿಲ್ಲ. ಮಕ್ಕಳು ಸ್ಕೇಲ್ ಇಟ್ಟು ದೂರ ಅಳೆದ್ರೆ ಖಡಕ್‌ವಾಸಲಾ ಡ್ಯಾಮ್ ನಮ್ಮನೆಯಿಂದ ನಡ್ಕೊಂಡು ಹೋಗಿ ಬರೋವಷ್ಟು ಹತ್ರ ಬಂತು. ಒಬ್ಬ ಹುಡುಗ ಮಾತ್ರ "ಅಷ್ಟ್ ಹತ್ರ ಇಲ್ಲ ಅಂಕಲ್, ಬಸ್ಸಲ್ಲಿ ಹೋದ್ರೂ ಬಹಳ ಹೊತ್ತಾಗತ್ತೆ" ಅಂದ. ನಡೆದಿದ್ದು ಏನಂದ್ರೆ, ಪೂರಾ ಶೀಟಲ್ಲಿ ಬರೀ ಮ್ಯಾಪ್ ಭಾಗಾನೇ ಹೆಚ್ಚುಕಮ್ಮಿ 53 ಸೆಂ.ಮೀ. ಅಗಲ, 55 ಸೆಂ.ಮೀ. ಎತ್ತರ ಇರತ್ತೆ, ಅದನ್ನ ಎ4ಗೆ ಇಳಿಸಿದ್ರೆ 1 ಸೆಂ.ಮೀ. ಅಂದ್ರೆ ಅರ್ಧ ಕಿಲೋಮೀಟರ್ ಅಲ್ಲ, ಒಂದೂವರೆ ಕಿಲೋಮೀಟರ್ ಹತ್ರ ಆಗೋಗತ್ತೆ. ಕಾಗದದ ಮೇಲೆ ಮಾತ್ರ 1:50,000 ಅಂತ ಹಾಗೇ ಅಚ್ಚಾಗಿರತ್ತೆ!

ಇದಕ್ಕೇ ಮ್ಯಾಪ್ ಕೆಳಗೆ ಪಟ್ಟಿ ತರ ಒಂದು ರೇಖಾ ಸ್ಕೇಲ್ ಹಾಕಿರ್ತಾರೆ. ಮ್ಯಾಪ್ ಕುಗ್ಗಿದ್ರೆ ಅದೂ ಕುಗ್ಗತ್ತೆ, ಹಿಗ್ಗಿದ್ರೆ ಅದೂ ಹಿಗ್ಗತ್ತೆ, ಹಾಗಾಗಿ ಯಾವತ್ತೂ ಸುಳ್ಳು ಹೇಳಲ್ಲ. ಪ್ರಿಂಟ್, ಝೆರಾಕ್ಸ್, ವಾಟ್ಸಾಪ್‌ನಲ್ಲಿ ಬಂದ ಫೋಟೋ ಏನೇ ಇರಲಿ, ಅಳೆಯೋದು ಆ ಪಟ್ಟಿಯಿಂದಾನೇ. ಪ್ರಿಂಟ್ ತೆಗೀವಾಗ ಪೇಜಿಗೆ ಹೊಂದಿಸೋ ಆಪ್ಷನ್ ತೆಗೆದು 100 ಪರ್ಸೆಂಟ್ ಇಟ್ಟು, ಬೇಕಾದ ಭಾಗ ಮಾತ್ರ ತಗೊಳ್ಳಿ.

ಸೊಟ್ಟಪಟ್ಟ ರಸ್ತೆ ಅಳೆಯೋಕೆ ಹೂ ಕಟ್ಟೋ ದಾರ ಸಾಕು. ದಾರಾನ ಒದ್ದೆ ಮಾಡಿ ರಸ್ತೆ ಗೆರೆ ಮೇಲೆ ತಿರುವು ತಿರುವಿಗೂ ಬೆರಳಿಂದ ಒತ್ತಿ ಕೂರಿಸ್ತಾ ಹೋಗಿ, ಆಮೇಲೆ ನೇರ ಮಾಡಿ ಪಟ್ಟಿ ಮೇಲಿಡಿ. ಸಿಂಹಗಡದ ಘಾಟ್ ರಸ್ತೆಯನ್ನ ಹೀಗೆ ಅಳೆದು, ಅದೇ ಎರಡು ತುದಿಗೆ ಸ್ಕೇಲ್ ಇಟ್ಟು ನೇರ ದೂರಾನೂ ಅಳೀರಿ, ಘಾಟ್ ಅಂದ್ರೇನು ಅಂತ ಬೇರೆ ಹೇಳೋದೇ ಬೇಡ.

ಅಂಚಲ್ಲಿ ಬರೆದಿರೋದನ್ನ ಓದದೇ ಒಳಗೆ ಹೋಗ್ಬೇಡಿ

ಮಕ್ಕಳು ನೇರ ಮ್ಯಾಪ್ ಮಧ್ಯಕ್ಕೆ ಹಾರ್ತಾರೆ. ಮೊದ್ಲು ಅಂಚು ನೋಡಿ: ಶೀಟ್ ನಂಬರ್, ರಾಜ್ಯ ಜಿಲ್ಲೆ, ಸ್ಕೇಲ್, ಕಾಂಟೂರ್ ಅಂತರ, ಉತ್ತರ ದಿಕ್ಕು, ಸರ್ವೇ ಮಾಡಿದ ವರ್ಷ. ಈ ವರ್ಷಾನ ಬರೆದಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಬಣ್ಣ ಆರೇಳು ಅಷ್ಟೇ, ಒಂದು ಸಂಜೆ ಸಾಕು. ನೀಲಿ ನೀರು, ಹಸಿರು ಕಾಡು ಗಿಡಮರ, ಹಳದಿ ಸಾಗುವಳಿ ಜಮೀನು, ಕಂದು ಕಾಂಟೂರ್, ಕೆಂಪು ರಸ್ತೆ ಮತ್ತು ಊರು ಮನೆಗಳು, ಕಪ್ಪು ಹೆಸರುಗಳು ಮತ್ತು ರೈಲು, ಬಿಳಿ ಬಿಟ್ಟಿದ್ರೆ ಬರಡು ಜಾಗ. ನೀರಿಲ್ಲದ ಹಳ್ಳಾನ ಕಪ್ಪಲ್ಲಿ ತೋರಿಸ್ತಾರೆ ಅನ್ನೋದು ಮಾತ್ರ ಗಟ್ಟಿಯಾಗಿ ನೆನಪಿಡಿ, ಯಾಕಂದ್ರೆ ಪರೀಕ್ಷೇಲಿ ಕೇಳೋ "ಈ ಪ್ರದೇಶದಲ್ಲಿ ಮಳೆ ಹೇಗಿದೆ" ಅನ್ನೋದಕ್ಕೆ ಉತ್ತರ ಅಲ್ಲೇ ಇರತ್ತೆ: ಹಳ್ಳಗಳೆಲ್ಲ ಕಪ್ಪು ಇದ್ರೆ ಮಳೆಗಾಲದಲ್ಲಿ ಮಾತ್ರ ನೀರು ಹರಿಯೋ ಜಾಗ.

ಕಪ್ಪು ತ್ರಿಕೋನ, ಪಕ್ಕದಲ್ಲಿ ಒಂದು ನಂಬರ್ ಕಂಡ್ರೆ ಅದು ತ್ರಿಕೋನಮಾಪನ ಸ್ಟೇಷನ್, ಅಂದ್ರೆ ಸರ್ವೇಯವರು ತ್ರಿಕೋನ ಕಟ್ಟಿ ನೆಲ ಅಳೆಯೋಕೆ ಗುರುತು ಹಾಕಿದ ಜಾಗ, ನಂಬರ್ ಸಮುದ್ರಮಟ್ಟದಿಂದ ಎತ್ತರ. ನನಗೆ ಈ ಪುಟ್ಟ ತ್ರಿಕೋನದ ಮೇಲೆ ವಿಶೇಷ ಪ್ರೀತಿ. ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಹತ್ರ ನೆಲದ ಮೇಲೆ ಸರಪಳಿ ಹಾಸಿ ಆಧಾರರೇಖೆ ಅಳೆದ, 1802ರಲ್ಲಿ ಮದ್ರಾಸಿನಿಂದ ದೇಶಾನೇ ತ್ರಿಕೋನ ತ್ರಿಕೋನವಾಗಿ ಅಳೆಯೋ ದೊಡ್ಡ ಕೆಲಸ ಶುರುವಾಯ್ತು. ಮೈಸೂರು ಸೀಮೆ ಸರ್ವೇ ಮಾಡಿದ ಕಾಲಿನ್ ಮೆಕೆಂಝೀನೇ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿದ್ದು. ಮಕ್ಕಳಿಗೆ ಇದನ್ನ ಹೇಳಿ, ಆ ತ್ರಿಕೋನ ಬರೀ ಚಿಹ್ನೆಯಾಗಿ ಉಳಿಯಲ್ಲ.

ಗ್ರಿಡ್: ಮೊದ್ಲು ಅಡ್ಡ ನಡೀರಿ, ಆಮೇಲೆ ಮೆಟ್ಟಿಲು ಹತ್ತಿ

ಗ್ರಿಡ್ ಅಂದ್ರೆ ಮ್ಯಾಪ್ ಮೇಲೆ ಚೌಕ ಚೌಕವಾಗಿ ಎಳೆದಿರೋ ನಂಬರ್ ಇರೋ ಗೆರೆಗಳು. ಪೂರ್ವಕ್ಕೆ ಹೋಗ್ತಾ ನಂಬರ್ ಹೆಚ್ಚಾಗೋ ನಿಂತ ಗೆರೆಗಳು ಈಸ್ಟಿಂಗ್, ಉತ್ತರಕ್ಕೆ ಹೋಗ್ತಾ ಹೆಚ್ಚಾಗೋ ಮಲಗಿದ ಗೆರೆಗಳು ನಾರ್ದಿಂಗ್. ಈಸ್ಟಿಂಗ್ ಯಾವಾಗ್ಲೂ ಮೊದ್ಲು. ಬಿಲ್ಡಿಂಗ್ ಒಳಗೆ ಬಂದು ಮೊದ್ಲು ನಿಮ್ಮ ವಿಂಗಿನ ತನಕ ನಡೀತೀರಿ, ಆಮೇಲೆ ಮೆಟ್ಟಿಲು ಹತ್ತೀರಿ, ಹಾಗೆ. ಚೌಕದ ಎಡ-ಕೆಳ ಮೂಲೇಲಿ ಸೇರೋ ಎರಡು ಗೆರೆ 34 ಮತ್ತು 52 ಆದ್ರೆ ಆ ಚೌಕ 3452, ಇದು ನಾಲ್ಕಂಕಿ ವಿಳಾಸ. ಆರಂಕಿ ಬೇಕಂದ್ರೆ ಚೌಕಾನ ಮನಸ್ಸಲ್ಲೇ ಅಡ್ಡ ಹತ್ತು, ಉದ್ದ ಹತ್ತು ಪಾಲು ಮಾಡಿ. ದೇವಸ್ಥಾನ 34ರ ಗೆರೆಯಿಂದ ಏಳು ಪಾಲು ಬಲಕ್ಕೆ, 52ರಿಂದ ಮೂರು ಪಾಲು ಮೇಲಕ್ಕೆ ಇದ್ರೆ 347523. 1:50,000ರಲ್ಲಿ ಚೌಕದ ಒಂದು ಬದಿ 2 ಸೆಂ.ಮೀ., ಅಂದ್ರೆ ಒಂದು ಪಾಲು ನೆಲದ ಮೇಲೆ 100 ಮೀಟರ್. ಐಸಿಎಸ್ಇ ಹತ್ತನೇ ಕ್ಲಾಸಿನವರಿಗೆ ಇದು ಗ್ಯಾರಂಟಿ ಮಾರ್ಕ್ಸ್, ಹಿಂದುಮುಂದು ಬರೆದು ಕಳ್ಕೋಬೇಡಿ.

ಕಾಂಟೂರ್: ಇಲ್ಲಿ ಆತುರ ಬೇಡ

ಪೂರಾ ಮ್ಯಾಪ್ ಓದೋದ್ರ ಜೀವ ಇರೋದೇ ಇಲ್ಲಿ, ಹಾಗಾಗಿ ಇದಕ್ಕೆ ಎರಡು ವಾರ ಕೊಟ್ರೂ ನಷ್ಟ ಇಲ್ಲ ಅಂತೀನಿ. ಒಂದೇ ಎತ್ತರದಲ್ಲಿರೋ ಜಾಗಗಳನ್ನೆಲ್ಲ ಸೇರಿಸೋ ಗೆರೆ ಅಂತ ವ್ಯಾಖ್ಯೆ ಎಲ್ಲ ಮಕ್ಕಳೂ ಗಡಗಡ ಹೇಳ್ತಾರೆ, ಕಣ್ಣಿಗೆ ಮಾತ್ರ ಏನೂ ಕಾಣಲ್ಲ.

ಮಹಾರಾಷ್ಟ್ರದಲ್ಲಿರೋ ನಮಗೆ ಒಂದು ಅನುಕೂಲ ಇದೆ. ದೀಪಾವಳಿಗೆ ಇಲ್ಲಿ ಮಕ್ಕಳು ಬಿಲ್ಡಿಂಗ್ ಅಂಗಳದಲ್ಲಿ ಕೆಮ್ಮಣ್ಣಿನ ಕಿಲ್ಲಾ ಕಟ್ತಾರಲ್ಲ, ನಮ್ಮ ಸೊಸೈಟೀಲೂ ಕಟ್ತಾರೆ, ಕಲ್ಲು ಇಟ್ಟಿಗೆ ಪೇರಿಸಿ ಮೇಲೆ ಗೋಣಿ ಹಾಕಿ ಮಣ್ಣು ಮೆತ್ತಿ. ಹಬ್ಬ ಮುಗಿದ ಮೇಲೆ ಅದನ್ನ ಕೆಡವೋ ಮುಂಚೆ ಅಣ್ಣನ ಮಗಳನ್ನ ಕರ್ಕೊಂಡು ಹೋದೆ. ಒಂದು ಮರದ ತುಂಡಿಗೆ ಪೆನ್ಸಿಲ್ಲನ್ನ ಅಡ್ಡಡ್ಡಲಾಗಿ, ನೆಲದಿಂದ ಸರಿಯಾಗಿ 5 ಸೆಂ.ಮೀ. ಎತ್ತರಕ್ಕೆ ಕಟ್ಟಿದ್ವಿ. ಆ ತುಂಡನ್ನ ನೆಲದ ಮೇಲೇ ಜಾರಿಸ್ತಾ ಪೆನ್ಸಿಲ್ ತುದಿ ಮಣ್ಣಿಗೆ ತಾಗೋ ಹಾಗೆ ಕಿಲ್ಲಾ ಸುತ್ತ ಒಂದು ಸುತ್ತು ಬಂದ್ಲು, ಹಸಿ ಮಣ್ಣಿನ ಮೇಲೆ ಗೀರು ಬಿತ್ತು. ಆಮೇಲೆ ಪೆನ್ಸಿಲ್ 10ಕ್ಕೆ, 15ಕ್ಕೆ, 20ಕ್ಕೆ, ಹೀಗೆ ತುದಿ ತನಕ. ಗೀರುಗಳ ಮೇಲೆ ಬಿಳಿ ರಂಗೋಲಿ ಪುಡಿ ಬಿಟ್ವಿ. ಸ್ಟೂಲ್ ಹತ್ತಿ ನಿಂತು ನೇರ ಮೇಲಿಂದ ಮೊಬೈಲಲ್ಲಿ ಫೋಟೋ ತೆಗೆದ್ಲು, ತೆಗೆದು ಹಾಗೇ ಸ್ಕ್ರೀನ್ ನೋಡ್ತಾ ನಿಂತುಬಿಟ್ಲು. "ಕಾಕಾ, ಇದು ಟೋಪೋಶೀಟ್ ಆತಲ್ಲ!" ಕಡಿದಾದ ಬುರುಜಿನ ಕಡೆ ರಂಗೋಲಿ ಗೆರೆ ಒತ್ತೊತ್ತಾಗಿ, ಇಳಿಜಾರು ದಾರಿ ಮಾಡಿದ್ದ ಕಡೆ ದೂರ ದೂರ. ಅವಳಿಗೆ ಅದನ್ನ ನಾನು ಹೇಳ್ಲೇ ಇಲ್ಲ. ದೀಪಾವಳಿ ದೂರ ಇದ್ರೆ ಒಂದು ತಟ್ಟೇಲಿ ಕಣಕದ ಮುದ್ದೆಯಿಂದ ಗುಡ್ಡ ಮಾಡಿ, ಇದೇ ತರ ಗೀರಿ.

ಇಷ್ಟಾದ ಮೇಲೆ ಶೀಟಿಗೆ ಬನ್ನಿ. 1:50,000ರಲ್ಲಿ ಎರಡು ಗೆರೆ ಮಧ್ಯೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ವ್ಯತ್ಯಾಸ, ಪ್ರತಿ ಐದನೇ ಗೆರೆ ದಪ್ಪ, ಅಂದ್ರೆ ಪ್ರತಿ 100 ಮೀಟರಿಗೆ ಒಂದು ದಪ್ಪ ಗೆರೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ವೇತಾಳ ಟೇಕಡಿ ತುದಿ 800ರ ಆಸುಪಾಸು, ಹಾಗಾದ್ರೆ ಬುಡದಿಂದ ತುದಿಗೆ ಎಷ್ಟು ಗೆರೆ ದಾಟ್ಬೇಕು? 240ನ್ನ 20ರಿಂದ ಭಾಗಿಸಿ, ಹನ್ನೆರಡು. ಬೆರಳಿಟ್ಟು ಎಣಿಸಿ. ಸಿಂಹಗಡದ ಎತ್ತರ 1,312 ಮೀಟರ್ ಅಂತಾರೆ, ಆದ್ರೆ ಮ್ಯಾಪಲ್ಲಿ 1,312ರ ಗೆರೆ ಹುಡುಕ್ಬೇಡಿ, ಸಿಗೋದು 1,300 ಮಾತ್ರ, ಅದರ ಒಳಗಿನ ಜಾಗ 1,300ಕ್ಕಿಂತ ಮೇಲೆ 1,320ಕ್ಕಿಂತ ಕೆಳಗೆ ಅಂತ ಅರ್ಥ. ಇದು ಗೊತ್ತಾದ್ರೆ ಎರಡು ಗೆರೆ ಮಧ್ಯದ ಜಾಗದ ಎತ್ತರ ಅಂದಾಜು ಮಾಡೋ ಪ್ರಶ್ನೆ ತಾನಾಗೇ ಬರತ್ತೆ.

ಗೆರೆ ಇಂಗ್ಲಿಷಿನ ವಿ ಆಕಾರದಲ್ಲಿ ಬಾಗಿದ್ರೆ ಕಣಿವೆಯೋ ದಿಣ್ಣೆಯೋ ಅನ್ನೋದು ಎಲ್ರೂ ಗೊಂದಲ ಮಾಡ್ಕೊಳ್ಳೋ ಜಾಗ. ವಿ ಮೂತಿ ಎತ್ತರದ ನಂಬರ್ ಕಡೆ ತಿರುಗಿದ್ರೆ ಅದು ಕಣಿವೆ, ಅಲ್ಲಿ ಹಳ್ಳ ಇರತ್ತೆ. ಮೂತಿ ತಗ್ಗಿನ ಕಡೆ ಚಾಚಿದ್ರೆ ಗುಡ್ಡದ ಮೂಗು, ಅಂದ್ರೆ ಚಾಚು ದಿಣ್ಣೆ. ಹಾಗಾಗಿ ನಂಬರ್ ನೋಡದೇ ಆಕಾರ ಹೇಳೋಕೇ ಹೋಗ್ಬೇಡಿ. ಸಂಶಯ ಬಂದ್ರೆ ನೀಲಿ ಅಥವಾ ಕಪ್ಪು ಹಳ್ಳದ ಗೆರೆ ಹುಡುಕಿ, ನೀರು ದಿಣ್ಣೆ ಮೇಲೆ ಹರಿಯಲ್ಲ.

ನಮ್ಮ ಕಡೆ ಗುಡ್ಡಗಳಿಗೆ ಇನ್ನೊಂದು ಗುಣ ಇದೆ. ದಖ್ಖನ್‌ನ ಈ ನೆಲ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಬಸಾಲ್ಟ್, ಸವೆದಾಗ ಮೆಟ್ಟಿಲು ಮೆಟ್ಟಿಲಾಗಿ ಸವೆಯತ್ತೆ. ಮ್ಯಾಪಲ್ಲಿ ಗೆರೆಗಳು ಒಂದು ಕಡೆ ಕಿಕ್ಕಿರಿದು, ಆಮೇಲೆ ಅಗಲ ಬಯಲು, ಮತ್ತೆ ಕಿಕ್ಕಿರಿದು, ತುದೀಲಿ ದೊಡ್ಡ ಖಾಲಿ ಜಾಗ ಕಾಣತ್ತೆ. ಆ ಖಾಲಿ ಜಾಗ ಅಂದ್ರೆ ಚಪ್ಪಟೆ ನೆತ್ತಿ. ಮರಾಠರ ಕಾಲದ ಕೋಟೆಗಳು ಅಂಥ ನೆತ್ತಿಗಳ ಮೇಲೆ ಯಾಕೆ ಕೂತಿವೆ ಅನ್ನೋದಕ್ಕೆ ಇತಿಹಾಸ ಪುಸ್ತಕ ಬೇಡ, ಆ ಕಂದು ಗೆರೆಗಳೇ ಸಾಕು: ಸುತ್ತ ಹತ್ತೋಕಾಗದ ಗೋಡೆ, ಮೇಲೆ ಜನ ಇರೋಕೆ ಸಮತಟ್ಟು. ಲೋಣಾವಳಾ ಕಡೆಯ ಶೀಟ್ ಸಿಕ್ಕಿದ್ರೆ ಅದನ್ನೂ ನೋಡಿ, ಪಶ್ಚಿಮಕ್ಕೆ ಕೊಂಕಣದ ಕಡೆ ಗೆರೆಗಳು ಒಂದರ ಮೇಲೊಂದು ಬಿದ್ದ ಹಾಗೆ, ಪೂರ್ವಕ್ಕೆ ನಿಧಾನಕ್ಕೆ ಬಿಡಿಸ್ಕೊಂಡು ಹೋಗತ್ತೆ. ಸಹ್ಯಾದ್ರಿ ಒಂದು ಕಡೆ ಕಡಿದಾದ ಗೋಡೆ ಅಂತ ಪುಸ್ತಕದಲ್ಲಿ ಓದಿದ್ದು ಅದೇ.

ಇಳಿಜಾರು ಲೆಕ್ಕ ಸುಲಭ: ಎತ್ತರದ ವ್ಯತ್ಯಾಸವನ್ನ ನೆಲದ ದೂರದಿಂದ ಭಾಗಿಸಿ. ಎರಡು ಜಾಗದ ಮಧ್ಯೆ ಐದು ಕಾಂಟೂರ್ ಅಂತರ ಅಂದ್ರೆ 100 ಮೀಟರ್, ಮ್ಯಾಪಲ್ಲಿ ದೂರ 1.5 ಸೆಂ.ಮೀ. ಅಂದ್ರೆ 750 ಮೀಟರ್, ಹಾಗಾಗಿ 1:7.5. ಏಳೂವರೆ ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ. ಎರಡೂ ಮೀಟರಲ್ಲೇ ಇರಬೇಕು, ಒಂದನ್ನ ಸೆಂಟಿಮೀಟರಲ್ಲಿ ಬಿಟ್ಟು ಮಾರ್ಕ್ಸ್ ಕಳ್ಕೊಂಡ ಮಕ್ಕಳನ್ನ ತುಂಬ ನೋಡಿದೀನಿ.

ಮ್ಯಾಪ್ ಹಿಡ್ಕೊಂಡು ಗುಡ್ಡ ಹತ್ತಿ

ಒಂದು ಭಾನುವಾರ ಬೆಳಗ್ಗೆ ಬಿಸಿಲೇರೋ ಮುಂಚೆ ವೇತಾಳ ಟೇಕಡಿ ಹತ್ತಿ, ಮಳೆಗಾಲ ಮುಗಿದ ಮೇಲೆ ಗಾಳಿ ಶುಭ್ರ ಇರತ್ತೆ. ಮ್ಯಾಪನ್ನ ನೆಲಕ್ಕೆ ಹಾಸಿ, ಉತ್ತರ ಉತ್ತರಕ್ಕೆ ಬರೋ ಹಾಗೆ ತಿರುಗಿಸಿ. ದಿಕ್ಸೂಚಿ ಇದ್ರೆ ಸರಿ, ಮೊಬೈಲ್ ಕಂಪಾಸ್ ಆದ್ರೂ ನಡೆಯತ್ತೆ, ಬೈಕ್ ಮತ್ತು ಕಬ್ಬಿಣದ ಬೇಲಿಯಿಂದ ದೂರ ಹಿಡೀರಿ. ದಿಕ್ಸೂಚಿ ತೋರ್ಸೋ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ವ್ಯತ್ಯಾಸ ಒಂದು ಡಿಗ್ರಿಗಿಂತ ಕಮ್ಮಿ, ಶಾಲೆ ಮಟ್ಟಕ್ಕೆ ಬಿಟ್ಬಿಡಬಹುದು.

ಈಗ ಆಗ್ನೇಯಕ್ಕೆ ಪರ್ವತಿ ಗುಡ್ಡ, ದಕ್ಷಿಣಕ್ಕೆ ಸ್ವಲ್ಪ ಪಶ್ಚಿಮಕ್ಕೆ ವಾಲಿದ ಹಾಗೆ ದೂರದಲ್ಲಿ ಟಿವಿ ಟವರ್ ಇರೋ ಸಿಂಹಗಡ. ಮ್ಯಾಪ್ ಮೇಲೆ ಆ ಎರಡು ಜಾಗದಿಂದ ನಿಮ್ಮ ಕಡೆಗೆ ಒಂದೊಂದು ಗೆರೆ ಎಳೀರಿ, ಸ್ಕೇಲನ್ನ ಕಣ್ಣ ನೇರಕ್ಕೆ ಇಟ್ಟು ಆ ಗುಡ್ಡದ ಕಡೆ ಗುರಿ ಹಿಡಿದು. ಎರಡು ಗೆರೆ ಕೂಡೋ ಜಾಗ ನೀವು ನಿಂತಿರೋ ಜಾಗ. ಸಿಂಹಗಡ ಅಲ್ಲಿಂದ ನೇರ 18-19 ಕಿ.ಮೀ., ಎರಡು ಶೀಟ್ ಅಂಟಿಸಿದ್ರೆ ಸುಮಾರು 37 ಸೆಂ.ಮೀ. ಗೆರೆ. ಇಷ್ಟು ಉದ್ದದ ಗೆರೆ ಎಳೆದು ತನ್ನ ಕಾಲ ಕೆಳಗಿನ ಜಾಗಾನ ಕಾಗದದ ಮೇಲೆ ಹಿಡಿದ ಮಗುವಿಗೆ ಮ್ಯಾಪ್ ಭಯ ಮತ್ತೆ ಬರಲ್ಲ, ಇದನ್ನ ನಾನು ಕಣ್ಣಾರೆ ನೋಡಿದೀನಿ.

ವಿವರಿಸಿ ಅಂದಾಗ ಏನು ಬರೀಬೇಕು

ಕಂಡಿದ್ದನ್ನ ಪಟ್ಟಿ ಮಾಡಿದ್ರೆ ಅರ್ಧ ಮಾರ್ಕ್ಸ್ ಅಷ್ಟೇ. ಒಂದು ವಸ್ತು ಅಲ್ಲೇ ಯಾಕಿದೆ ಅಂತ ಮ್ಯಾಪಿಂದಾನೇ ಸಾಕ್ಷಿ ಕೊಡ್ಬೇಕು. ನಾನು ಹೇಳಿಕೊಡೋ ಕ್ರಮ ನೆಲ, ನೀರು, ಬೆಳೆ, ದಾರಿ, ಊರು. ಮೊದ್ಲು ಏರುತಗ್ಗು, ಅದರಿಂದ ನೀರು ಎತ್ತ ಹರಿಯತ್ತೆ, ನೀರು ಮಣ್ಣು ಇರೋ ಕಡೆ ಹಳದಿ ಜಮೀನು, ಜಮೀನು ಹಿಡ್ಕೊಂಡು ರಸ್ತೆ, ಇದೆಲ್ಲ ಕೂಡೋ ಕಡೆ ಊರು. "ಊರು ದೊಡ್ಡದು" ಅಂತ ಬರೆಯೋ ಬದ್ಲು "ಎರಡು ಪಕ್ಕಾ ರಸ್ತೆ ಕೂಡೋ ಜಾಗದಲ್ಲಿದೆ, ಪೋಸ್ಟ್ ಆಫೀಸ್ ಪೊಲೀಸ್ ಸ್ಟೇಷನ್ ಅಕ್ಷರಗಳಿವೆ, ಸುತ್ತ ಹಳದಿ ಬಣ್ಣ, ಹಾಗಾಗಿ ಸುತ್ತಲಿನ ಹಳ್ಳಿಗಳಿಗೆ ಪೇಟೆ ಇದ್ದಿರಬೇಕು" ಅಂತ ಬರೀರಿ, ಪಕ್ಕದಲ್ಲಿ ಗ್ರಿಡ್ ನಂಬರ್ ಹಾಕಿ.

ಬಣ್ಣ ತುಂಬಿದ ಜಿಲ್ಲಾವಾರು ಮ್ಯಾಪ್ ಬಂದ್ರೆ ಮಾತ್ರ ಹುಷಾರು. ಪುಣೆ ಜಿಲ್ಲೆಗೆ ಮಳೆಯ ಒಂದೇ ಬಣ್ಣ ಬಳಿದಿರ್ತಾರೆ, ಆದ್ರೆ ಅದೇ ಜಿಲ್ಲೇಲಿ ಘಾಟಿನ ನೆತ್ತಿ ಮೇಲಿನ ಲೋಣಾವಳಾನೂ ಇದೆ, ಮಳೆನೆರಳಿನ ಬಾರಾಮತಿ ದೌಂಡ್ ಕೂಡ ಇದೆ. ಅಂಥ ಮ್ಯಾಪ್ ಜಿಲ್ಲೆಗಳನ್ನ ಹೋಲಿಸೋಕೆ ಸರಿ, ಜಿಲ್ಲೆ ಒಳಗೆ ಏನಾಗ್ತಿದೆ ಅಂತ ಅದು ಹೇಳಲ್ಲ. ಮಳೆ, ತಾಪಮಾನಕ್ಕೆ ಸಮರೇಖೆ ಮ್ಯಾಪ್ (ಒಂದೇ ಅಳತೆ ಇರೋ ಜಾಗಗಳನ್ನ ಗೆರೆಯಿಂದ ಸೇರಿಸಿರೋದು) ನೋಡಿ, ಕಾಂಟೂರ್ ಬಂದವರಿಗೆ ಅದು ಹೊಸದೇ ಅಲ್ಲ, ಎತ್ತರದ ಬದ್ಲು ಮಳೆಯ ಮಿಲಿಮೀಟರ್ ಅಥವಾ ತಾಪಮಾನದ ಡಿಗ್ರಿ ಇರತ್ತೆ ಅಷ್ಟೇ.

ಕೊನೇ ಅಭ್ಯಾಸ: ನೋಡದ ಊರು

ಪುಣೆ ಶೀಟ್ ಕೈಗೆ ಬಂದ ಮೇಲೆ ಅಜ್ಜನ ಊರಿನ ಶೀಟ್ ತೆಗೆಸಿ, ಮಗು ಜಾಸ್ತಿ ಓಡಾಡದೇ ಇರೋ ಊರಾದ್ರೆ ಒಳ್ಳೇದು. ಅರ್ಧ ಗಂಟೆ ಸುಮ್ಮನೆ ಓದಕ್ಕೆ ಬಿಡಿ, ಆಮೇಲೆ ಅಜ್ಜನಿಗೇ ಫೋನ್ ಹಚ್ಚಿ ಕೊಟ್ಟು ಊರನ್ನ ವರ್ಣಿಸಕ್ಕೆ ಹೇಳಿ. ಅಣ್ಣನ ಮಗಳು ಧಾರವಾಡದ ಕಡೆ ನಮ್ಮ ಹಳ್ಳಿ ಶೀಟ್ ಹಾಸ್ಕೊಂಡು ಸ್ಪೀಕರ್ ಹಾಕಿ ಕೂತ್ಲು. "ಅಜ್ಜಾ, ಕೆರಿ ಊರಿನ ಮೂಡಣಕ್ಕ ಐತಿ, ಏರಿ ಬಡಗಣ ಕಡೆ ಐತಿ, ಅಂದ್ರ ನೀರು ಆ ಕಡೆನೇ ಹರೀತಿತ್ತು, ಹೌದಲ್ಲೋ?" ಅಜ್ಜ ಆಕಡೆಯಿಂದ "ಹೌದವ್ವಾ, ಯಾರ್ ಹೇಳಿದ್ರು ನಿನಗ?" ಅಂದ್ರು. ಅವಳು ಮುಂದುವರಿಸಿ, ಕೆರೆಗೂ ಊರಿಗೂ ಮಧ್ಯೆ ಬರೀ ಹೊಲ, ಒಂದೂ ಮನೆ ಇಲ್ಲ ಅಂದ್ಲು. "ಅಲ್ಲಿ ಈಗ ಒಂದು ಓಣಿನೇ ಐತಲ್ಲವ್ವಾ" ಅಂದ್ರು ಅಜ್ಜ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಶೀಟಿನ ಅಂಚಿಗೆ ಬೆರಳು ಜಾರಿಸಿ ಸರ್ವೇ ವರ್ಷ ಹುಡುಕಿದ್ಲು, ಹುಡುಕಿ ಕೇಳಿದ್ಲು: "ಅಜ್ಜಾ, ಆ ಓಣಿ ಯಾವ ವರ್ಷ ಆತು?"